ಐದು ಕಿಲೋ ಅಕ್ಕಿ ಮತ್ತು ಒಂದು ತಿಮಿಂಗಿಲ

"ಈ ಸಲ ದೊಡ್ಡ ಚೀಲ ಬೇಡ ಅಕ್ಕ, ಐದೈದು ಕಿಲೋದ್ದು ತರುವ" ಎಂದು ಬಾಯಮ್ಮ ಹೇಳಿದಾಗಲೇ ನನ್ನ ಕಿವಿ ನೆಟ್ಟಗಾಯಿತು.

ಮಸ್ಕತ್ತಿನ ದಾರ್ಸೈಟಿನ ಆ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ನಮ್ಮ ಎರಡು ಮನೆಗಳ ಬಾಗಿಲು ಎದುರುಬದುರು. ಹದಿನಾಲ್ಕು ವರ್ಷ ತಿಂಗಳು ತಪ್ಪದೆ ರೂವಿಯ ಅಂಗಡಿಯಿಂದ ಇಪ್ಪತ್ತು ಕಿಲೋದ ಕುಚ್ಚಲಕ್ಕಿ ಚೀಲ ತಂದು, ನಮ್ಮ ಅಡುಗೆಮನೆಯ ನೆಲದ ಮೇಲೆ ಬಿಚ್ಚಿ, ಸೇರಿನಲ್ಲಿ ಅಳೆದು ಪಾಲು ಮಾಡಿಕೊಂಡವರು ನಾವು. ಅವರು ಮಂಗಳೂರಿನ ಕ್ರಿಶ್ಚಿಯನರು, ಮನೆಮಾತು ಕೊಂಕಣಿ. ನಾನು ಉಡುಪಿಯವಳು, ಮನೆಮಾತು ತುಳು. ಇಬ್ಬರೂ ಕನ್ನಡ ಮೀಡಿಯಮ್ಮಿನಲ್ಲಿ ಕಲಿತವರಾದ್ದರಿಂದ ಜಗಳಕ್ಕೂ ಗುಟ್ಟಿಗೂ ಕನ್ನಡವೇ ಹೊಂದಿಕೊಂಡುಬಿಟ್ಟಿತ್ತು. ಊರಿನ ರೂಢಿಯಂತೆ ನಾನು ಅವರನ್ನು ಬಾಯಮ್ಮ ಎನ್ನುತ್ತಿದ್ದೆ. ಆರು ವರ್ಷ ಚಿಕ್ಕವರಾದ ಅವರಿಗೆ ನಾನು ಅಕ್ಕ.

"ಯಾಕೆ ಬಾಯಮ್ಮ, ಡಯಟ್ಟಾ?" ಎಂದೆ.

"ಈಗೀಗ ಅಷ್ಟು ಖರ್ಚಾಗುದಿಲ್ಲ ಅಕ್ಕ" ಎಂದರು, ನನ್ನ ಮುಖ ನೋಡದೆ.

ಅವರ ಮಗ ಆಗ ಹತ್ತನೇ ಕ್ಲಾಸು. ಹತ್ತನೇ ಕ್ಲಾಸಿನ ಹುಡುಗನಿರುವ ಮನೆಯಲ್ಲಿ ಅಕ್ಕಿ ಖರ್ಚಾಗುವುದಿಲ್ಲವೆಂದರೆ ನಂಬಲು ನಾನೇನು ನಿನ್ನೆ ಮೊನ್ನೆ ಹುಟ್ಟಿದವಳೇ? ನನ್ನದು ಹುಟ್ಟಿನಿಂದಲೂ ಸಂಶಯದ ಬುದ್ಧಿ. ಫ್ರಿಜ್ಜಿನಿಂದ ತೆಗೆದ ಹಾಲನ್ನು ಎರಡು ಸಲ ಮೂಸದೆ ಕಾಯಿಸುವುದಿಲ್ಲ. ಅಂಗಡಿಯವನು ಮೀನು ತಾಜಾ ಎಂದರೆ ಅವನ ಎದುರೇ ಕಿವಿರು ಎತ್ತಿ ನೋಡುತ್ತೇನೆ. ನನಗೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಸಿಗಬೇಕಿತ್ತು ಎಂದು ನಮ್ಮ ಮನೆಯವರು ಮದುವೆಯಾದಾಗಿನಿಂದಲೂ ಹೇಳುತ್ತಿದ್ದಾರೆ.

ಅಕ್ಕಿಯ ನಂತರ ಫೋನು. ನಾನು ಬಾಗಿಲು ತಳ್ಳಿ ಒಳಗೆ ಹೋದರೆ ಬಾಯಮ್ಮ ಮಾತು ನಿಲ್ಲಿಸಿ, "ಆಮೇಲೆ ಮಾಡ್ತೇನೆ" ಎಂದು ಫೋನ್ ಇಡುತ್ತಿದ್ದರು. ಆಮೇಲೆ ಒಂದು ದಿನ ನನ್ನ ಬಾಲ್ಕನಿಗೆ ಬಂದು, ಕರಿಬೇವಿನ ಕುಂಡದ ಬುಡದಲ್ಲಿ ಎದ್ದಿದ್ದ ಮರಿಗಿಡ ತೋರಿಸಿ, "ಇದೊಂದು ನನಗೆ ಕೊಡಿ ಅಕ್ಕ" ಎಂದರು. ಹದಿನಾಲ್ಕು ವರ್ಷ ನನ್ನ ಗಿಡದಿಂದಲೇ ಕಿತ್ತುಕೊಂಡು ಹೋಗುತ್ತಿದ್ದವರಿಗೆ ಈಗ ಸ್ವಂತ ಗಿಡ ಯಾಕೆ? ಬಿಟ್ಟು ಹೋಗುವವರು ಗಿಡ ಕೇಳುವುದಿಲ್ಲವಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣವೇ, ನನ್ನ ಕಣ್ಣಿಗೆ ಮಣ್ಣೆರಚಲು ಕೇಳಿರಬೇಕು ಎನಿಸಿತು.

ಹೌದು, ಬಾಯಮ್ಮ ಒಮಾನ್ ಬಿಟ್ಟು ಊರಿಗೆ ಹೊರಟಿದ್ದಾರೆ ಎಂಬುದೇ ನನ್ನ ಸಂಶಯ. ನಮ್ಮವರ ಕ್ರಮ ನನಗೆ ಗೊತ್ತು. ಖಾಯಂ ಆಗಿ ಹೋಗುವ ಸುದ್ದಿಯನ್ನು ಟಿಕೆಟ್ ಕೈಗೆ ಬರುವ ತನಕ ಯಾರೂ ಬಾಯಿ ಬಿಡುವುದಿಲ್ಲ. ಇವತ್ತು ವೀಸಾ ಕ್ಯಾನ್ಸಲ್ ಎಂದವರಿಗೆ ನಾಳೆ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕರೆ, ಹೇಳಿಕೊಂಡು ತಿರುಗಿದ್ದಕ್ಕೆ ನಾಚಿಕೆಯಾಗುತ್ತದಲ್ಲ. ಇನ್ನೊಂದು ಕ್ರಮವೂ ಇದೆ. ಅಲ್ಲಿರುವಷ್ಟು ವರ್ಷ ನಾವು ಆಫೀಸು, ಸ್ಕೂಲು, ದೇವಸ್ಥಾನ, ಚರ್ಚು, ಮಾಲ್ ಬಿಟ್ಟು ಬೇರೇನೂ ನೋಡುವುದಿಲ್ಲ. ಆ ದೇಶವನ್ನು ನೋಡಲು ಹೊರಡುವುದು ಎರಡೇ ಸಲ: ಊರಿನಿಂದ ಅಪ್ಪ ಅಮ್ಮ ವಿಸಿಟ್ ವೀಸಾದಲ್ಲಿ ಬಂದಾಗ, ಮತ್ತು ಹೊರಡುವ ಕಾಲ ಬಂದಾಗ. ಎರಡನೇ ಮಹಡಿಯ ಕಾರ್ಕಳದವರು ಒಂದು ಶುಕ್ರವಾರ ಇದ್ದಕ್ಕಿದ್ದಂತೆ ನಿಜ್ವಾ ಕೋಟೆ ನೋಡಿ ಬಂದರು. ತಿಂಗಳೊಳಗೆ ಅವರ ಸೋಫಾ ಲಿಫ್ಟಿನಲ್ಲಿ ಇಳಿಯುತ್ತಿತ್ತು.

ಹಾಗಾಗಿ ಜನವರಿಯ ಒಂದು ಸಂಜೆ ಬಾಯಮ್ಮ ಬಂದು, "ಅಕ್ಕ, ಶುಕ್ರವಾರ ಬೋಟಿನಲ್ಲಿ ತಿಮಿಂಗಿಲ ನೋಡ್ಲಿಕ್ಕೆ ಹೋಗುವನಾ? ಬುಕ್ ಮಾಡಿ ಆಗಿದೆ" ಎಂದಾಗ ನನಗೆ ಕಾರ್ಕಳದವರ ಸೋಫಾ ನೆನಪಾಯಿತು.

"ಶುಕ್ರವಾರ ನಿಮಗೆ ಚರ್ಚಿನಲ್ಲಿ ಪೂಜೆ ಇಲ್ವಾ?"

"ಗುರುವಾರ ಸಂಜೆಯದ್ದಕ್ಕೆ ಹೋಗಿ ಬರ್ತೇನೆ."

ಅಲ್ಲಿ ವಾರದ ರಜೆ ಶುಕ್ರವಾರ, ಚರ್ಚಿನ ಭಾನುವಾರದ ಪೂಜೆಯೂ ಆ ದಿನವೇ. ಅದಕ್ಕೆ ಜ್ವರ ಬಂದರೂ ಹೋಗುವ ಹೆಂಗಸು ಅವರು. ನನಗೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೂ ಕೇಳಲು ಧೈರ್ಯ ಬರಲಿಲ್ಲ. ಮಗಳು ಮಂಗಳೂರಿನ ಹಾಸ್ಟೆಲ್ಲು ಸೇರಿದ ಮೇಲೆ ಬೆಳಗಿನ ಹತ್ತರಿಂದ ಸಂಜೆಯ ತನಕ ನನಗೆ ಮಾತಾಡಲು ಇದ್ದದ್ದು ಬಾಯಮ್ಮ ಒಬ್ಬರೇ. ಅವರು ಹೋದರೆ ಆ ಎದುರಿನ ಬಾಗಿಲನ್ನು ನಾನು ದಿನಾ ಹೇಗೆ ನೋಡಲಿ ಎಂಬುದೇ ನನ್ನ ಭಯ.

ನಮ್ಮ ಮನೆಯವರಿಗೆ ಹೇಳಿದೆ. ಶುಕ್ರವಾರ ಹನ್ನೊಂದು ಗಂಟೆಯ ತನಕ ಹೊದಿಕೆ ಬಿಡದ ಮನುಷ್ಯ, "ಹೋಗುವ, ನಾನೂ ಬರ್ತೇನೆ" ಎಂದುಬಿಟ್ಟರು. ಅದು ನನಗೆ ವಿಚಿತ್ರವೆನಿಸಬೇಕಿತ್ತು. ಅನಿಸಲಿಲ್ಲ, ನನ್ನ ಕಣ್ಣೆಲ್ಲ ಎದುರು ಮನೆಯ ಮೇಲಿತ್ತು.

ಬೆಳಿಗ್ಗೆ ಎಂಟಕ್ಕೆ ಬೋಟ್ ನಿಲ್ಲುವ ಜಾಗಕ್ಕೆ ಹೋದೆವು. ಬಾಯಮ್ಮನ ಗಂಡನಿಗೆ ಡ್ಯೂಟಿ, ಮಗನಿಗೆ ಪರೀಕ್ಷೆಯ ಓದು. ನಾವು ಮೂವರು, ಜೊತೆಗೆ ಏಳೆಂಟು ಮಂದಿ ವಿದೇಶೀಯರು. ಬೋಟ್ ನಡೆಸುವವನು ನಲವತ್ತು ದಾಟಿದ ಒಮಾನಿ, ನಮ್ಮ ಜೊತೆ ಹಿಂದಿಯಲ್ಲೇ ಮಾತಾಡಿದ. ದಕ್ಷಿಣದ ಕಡಲಿನಲ್ಲಿ ತಿಮಿಂಗಿಲ ಹೆಚ್ಚಂತೆ, ಇಲ್ಲಿ ಉತ್ತರದ ನೀರಿನಲ್ಲಿ ಡಾಲ್ಫಿನ್ ಹೆಚ್ಚುಕಡಿಮೆ ಖಂಡಿತ, ತಿಮಿಂಗಿಲ ನಸೀಬು ಎಂದ. ಕಾಣುತ್ತದೋ ಇಲ್ಲವೋ ಸರಿಯಾಗಿ ಹೇಳು ಎಂದೆ. "ಇನ್ಶಾ ಅಲ್ಲಾ" ಎಂದ. ನಮ್ಮ ಬಿಲ್ಡಿಂಗಿನ ಎ.ಸಿ. ರಿಪೇರಿಯವರೂ ಅದನ್ನೇ ಹೇಳುವುದು ಎಂದು ನಾನು ಕನ್ನಡದಲ್ಲಿ ಗೊಣಗಿದೆ. ಬಾಯಮ್ಮ ನಗಲಿಲ್ಲ. ಇಂಥ ಮಾತಿಗೆ ಬಿದ್ದು ಬಿದ್ದು ನಗುವವರು ನಗದಿದ್ದದ್ದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆ.

ಬೋಟ್ ಬಂಡೆಗಳನ್ನು ದಾಟಿ ಬಯಲು ಕಡಲಿಗೆ ಬಂತು. ಇವರು ಹಿಂದೆ ಎಂಜಿನಿನ ಹತ್ತಿರ ಒಬ್ಬರೇ ಕೂತರು, ನಾವಿಬ್ಬರು ಮುಂದೆ. ಬಾಯಮ್ಮ ಫೋನ್ ಹಿಡಿದು ಪಟಪಟ ಫೋಟೋ ತೆಗೆಯತೊಡಗಿದರು. ನೀರಿನದ್ದಲ್ಲ, ನನ್ನದು. ಸ್ಕಾರ್ಫ್ ಸರಿ ಮಾಡಿ ಅಕ್ಕ, ಈ ಕಡೆ ನೋಡಿ ಅಕ್ಕ, ಸ್ವಲ್ಪ ನಗಾಡಿ ಅಕ್ಕ. ನೆನಪಿಗೆ ಊರಿಗೆ ಒಯ್ಯಲು ತೆಗೆಯುತ್ತಿದ್ದಾರೆ ಎಂದುಕೊಂಡೆ.

ಪರೀಕ್ಷೆ ಮಾಡಿಯೇ ಬಿಡುವ ಎಂದು ಕೇಳಿದೆ. "ಮಗನನ್ನು ಪ್ಲಸ್ ಒನ್ನಿಗೆ ಇಲ್ಲಿಯೇ ಹಾಕ್ತೀರಾ?"

"ಇಲ್ಲಿಯೇ. ಇನ್ನೆಲ್ಲಿಗೆ?"

"ಮತ್ತೆ ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿಗೆ ನೇವ್ರಿ ಕರಿಯಲಿಕ್ಕೆ ನಾನೇ ಬರಬೇಕಲ್ಲ?"

ಬಾಯಮ್ಮ ತಟ್ಟನೆ ಮುಖ ಆಚೆ ತಿರುಗಿಸಿ, "ಅಗೋ ಡಾಲ್ಫಿನ್" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ನಾನು ಒಳಗೊಳಗೇ ಹೇಳಿಕೊಂಡೆ. ಡಾಲ್ಫಿನ್ ನಿಜವಾಗಿಯೂ ಬಂದಿದ್ದವು. ಬೋಟಿನ ಎದುರೇ ಇಪ್ಪತ್ತು ಮೂವತ್ತು ಸೇರಿ ಜಿಗಿಯುತ್ತಿದ್ದವು. ಹೇಳಿದ ಮಾತನ್ನು ಇಷ್ಟು ಕೇಳುತ್ತವೆಂದರೆ ದಿನಾ ಮೀನು ಹಾಕಿ ಸಾಕಿರಬೇಕೆಂದು ಬೋಟಿನವನ ಮೇಲೂ ಸಂಶಯಪಟ್ಟೆ.

ಅರ್ಧ ಗಂಟೆಯ ನಂತರ ಅವನ ರೇಡಿಯೋದಲ್ಲಿ ಇನ್ನೊಂದು ಬೋಟಿನವರು ಅರಬ್ಬಿಯಲ್ಲಿ ಏನೋ ಹೇಳಿದರು. ಅವನು ಬೋಟ್ ತಿರುಗಿಸಿ ಸ್ವಲ್ಪ ದೂರ ಓಡಿಸಿ, ಎಂಜಿನ್ ಬಂದ್ ಮಾಡಿ, ತುಟಿಯ ಮೇಲೆ ಬೆರಳಿಟ್ಟ. ಎಲ್ಲರೂ ಸುಮ್ಮನಾದರು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಇದು ನಾಟಕ, ಇನ್ನು ಎಲ್ಲೋ ಒಂದು ಅಲೆ ತೋರಿಸಿ ಅದೇ ಎನ್ನುತ್ತಾನೆ ಎಂದು ಕಾದೆ.

ಚಿಕ್ಕಂದಿನಲ್ಲಿ ಮಲ್ಪೆಯ ಕಡಲ ತೀರಕ್ಕೆ ಸತ್ತ ತಿಮಿಂಗಿಲ ಬಂದು ಬಿದ್ದಿದೆಯೆಂದು ಕೇಳಿ ಶಾಲೆ ತಪ್ಪಿಸಿ ಓಡಿದ್ದೆ. ನಾನು ತಲುಪುವಾಗ ಅದನ್ನು ಹೂತು ಆಗಿತ್ತು, ಉಳಿದದ್ದು ವಾಸನೆ ಮಾತ್ರ. ಮನೆಗೆ ಬಂದು ಪೆಟ್ಟು ತಿಂದೆ. ಜೀವವಿರುವ ತಿಮಿಂಗಿಲ ನೋಡುವ ಯೋಗ ನನಗೆಲ್ಲಿ ಎಂದು ಯಾವತ್ತೋ ಅಕ್ಕಿ ಅಳೆಯುವಾಗ ಬಾಯಮ್ಮನಿಗೆ ಹೇಳಿದ್ದೆ. ಹೇಳಿದ್ದು ನನಗೇ ಮರೆತಿತ್ತು.

ಅಷ್ಟರಲ್ಲಿ ಎಡಗಡೆಯಿಂದ ದೊಡ್ಡ ಉಸಿರು ಬಿಟ್ಟ ಸದ್ದಾಯಿತು. ನೀರಿನ ಹೊಗೆ ಮೇಲೆದ್ದಿತು, ಅದರ ಕೆಳಗೆ ಒಂದು ಕಪ್ಪು ಬೆನ್ನು ಎದ್ದು ಸರಿಯತೊಡಗಿತು. ಮುಗಿಯಿತು ಎಂದುಕೊಂಡರೆ ಇನ್ನೂ ಬರುತ್ತಿತ್ತು, ಬಹಳ ಹೊತ್ತಿನ ಮೇಲೆ ಸಣ್ಣದೊಂದು ಬಾಗಿದ ರೆಕ್ಕೆ ಬಂತು. ಚಿತ್ರಗಳಲ್ಲಿ ಕಾಣುವ ಹಾಗೆ ಬಾಲ ಎತ್ತಲಿಲ್ಲ. ಗಾಳಿಯಲ್ಲಿ ಕೊಳೆತ ಮೀನಿನ ವಾಸನೆ ಬಂತು, ಅದು ಅದರ ಉಸಿರು. ಮೊದಲ ಸಲ ನನಗೆ ಯಾವುದರ ಮೇಲೂ ಸಂಶಯ ಬರಲಿಲ್ಲ.

ಬಾಯಮ್ಮ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಸರೀ ನೋಡಿ ಅಕ್ಕ" ಎಂದರು. "ನಾನು ಬೇಕಾದ್ರೆ ಇನ್ನೊಮ್ಮೆ ಬರ್ತೇನೆ, ಇಲ್ಲಿಯೇ ಇರ್ತೇನಲ್ಲ. ನೀವು ಈಗಲೇ ಸರೀ ನೋಡಿಕೊಳ್ಳಿ."

ಆ ಮಾತು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಹಿಂದೆ ತಿರುಗಿದೆ. ಬೋಟಿನಲ್ಲಿದ್ದವರೆಲ್ಲ ತಿಮಿಂಗಿಲ ನೋಡುತ್ತಿದ್ದರು. ನನ್ನ ಗಂಡ ಒಬ್ಬರೇ ನನ್ನನ್ನು ನೋಡುತ್ತಿದ್ದರು.

ಎದ್ದು ಅವರ ಹತ್ತಿರ ಹೋಗಿ ಕೂತೆ. "ಯಾವಾಗ?" ಎಂದೆ.

"ಮಾರ್ಚ್ ಕೊನೆಗೆ. ಕಾಂಟ್ರಾಕ್ಟ್ ರಿನ್ಯೂ ಮಾಡುದಿಲ್ಲಂತೆ."

"ನಿಮಗೆ ಗೊತ್ತಾದದ್ದು?"

"ಒಂದೂವರೆ ತಿಂಗಳಾಯ್ತು. ಬೇರೆ ಎಲ್ಲಾದರೂ ಸಿಗ್ತದಾ ಅಂತ ಬಾಯಮ್ಮನ ಯಜಮಾನರಿಗೆ ಮಾತ್ರ ಹೇಳಿದ್ದು. ಸಿಗಲಿಲ್ಲ. ಖಲಾಸ್. ನಿನಗೆ ಹೇಗೆ ಹೇಳುದು ಅಂತ ಗೊತ್ತಾಗಲಿಲ್ಲ, ನೀನು ನೂರು ಪ್ರಶ್ನೆ ಕೇಳ್ತಿ."

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಎದುರಿನ ಮನೆಯ ಅಕ್ಕಿ ಎಣಿಸುತ್ತಿದ್ದ ನನಗೆ ನನ್ನ ಪಕ್ಕದಲ್ಲಿ ಮಲಗಿದವರ ನಿದ್ದೆ ಹಾರಿದ್ದು ಕಂಡಿರಲಿಲ್ಲ. ಇವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಮನೆಗೆ ಬಂದ ಮೇಲೆ ಬಾಯಮ್ಮ ಎಲ್ಲ ಹೇಳಿದರು. ಇಪ್ಪತ್ತು ಕಿಲೋದ ಚೀಲ ತಂದರೆ ಹೊರಡುವಾಗ ಅಕ್ಕನಿಗೆ ಅಕ್ಕಿ ಉಳಿದು ಹಾಳಾಗುತ್ತದೆ ಎಂದು ಐದೈದು ಕಿಲೋ ಅಂದದ್ದಂತೆ. ಅದು ಅವರ ಮನೆಗೆ ತಿಂಗಳಿಗೆ ಸಾಲದೆ, ನಾನು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಬೇರೆ ತರಿಸಿಕೊಳ್ಳುತ್ತಿದ್ದರಂತೆ. ನಾನು ಬಂದಾಗ ಇಡುತ್ತಿದ್ದ ಫೋನು ಇವರ ಕೆಲಸದ ವಿಷಯಕ್ಕೆ ಅವರ ಯಜಮಾನರದ್ದಂತೆ. "ನನ್ನ ಮೇಲೆ ನಿಮಗೆ ಸಂಶಯ ಬಂದದ್ದು ಗೊತ್ತಿತ್ತು ಅಕ್ಕ. ಬರಲಿ ಅಂತ ಬಿಟ್ಟೆ. ಅಷ್ಟು ದಿನವಾದರೂ ನಿಮಗೆ ನನ್ನನ್ನು ಕಳಿಸುವ ಬೇಜಾರು ಮಾತ್ರ ಇರ್ತದಲ್ಲ, ನೀವು ಹೋಗುವ ಬೇಜಾರು ಅಲ್ಲ" ಎಂದರು. ನಾವಿಬ್ಬರೂ ನೆಲದ ಮೇಲೆ ಕೂತು ಅತ್ತೆವು.

ಹೊರಡುವ ದಿನ ಮರಿಗಿಡವನ್ನಲ್ಲ, ಕರಿಬೇವಿನ ಕುಂಡವನ್ನೇ ಅವರ ಬಾಲ್ಕನಿಗೆ ದಾಟಿಸಿ ಬಂದೆ.

ಈಗ ಉಡುಪಿಯ ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ನಮ್ಮ ಎದುರಿನ ಬಾಗಿಲಿಗೆ ಬೀಗ, ಮಾಲೀಕರು ಬೇರೆಲ್ಲೋ ಇದ್ದಾರೆ. ಪ್ರತಿ ಶುಕ್ರವಾರ ಚರ್ಚಿನಿಂದ ಬಂದ ಮೇಲೆ ಬಾಯಮ್ಮ ಆ ಗಿಡದ ಫೋಟೋ ಕಳಿಸುತ್ತಾರೆ. ಮೊದಮೊದಲು ಎಲೆ ಬಾಡಿದ ಹಾಗೆ ಕಾಣುತ್ತಿತ್ತು. ನಡುವೆ ಜೂನ್, ಜುಲೈ ಎರಡು ತಿಂಗಳು ಫೋಟೋ ಬರಲಿಲ್ಲ, ಫೋನ್ ಹಾಳಾಗಿದೆ ಎಂದರು. ಆಮೇಲೆ ಬಂದ ಫೋಟೋದಲ್ಲಿ ಗಿಡ ಹಸಿರಾಗಿ ಸೊಂಟದೆತ್ತರ ಬೆಳೆದಿತ್ತು. ನನ್ನ ಗಿಡದ ಕಾಂಡ ಬುಡದಲ್ಲಿ ಸ್ವಲ್ಪ ಸೊಟ್ಟ. ಇದರದ್ದು ನೆಟ್ಟಗಿದೆ. ಮಸ್ಕತ್ತಿನ ಬೇಸಿಗೆಗೆ ನನ್ನ ಗಿಡ ಸತ್ತಿದೆ, ರೂವಿಯಿಂದ ಬೇರೆ ತಂದು ಅದೇ ಕುಂಡದಲ್ಲಿ ನೆಟ್ಟಿದ್ದಾರೆ.

"ಚೆನ್ನಾಗಿ ಬಂದಿದೆ ಬಾಯಮ್ಮ" ಎಂದು ಬರೆದೆ. ಪ್ರತಿ ಶುಕ್ರವಾರ ಅದನ್ನೇ ಬರೆಯುತ್ತೇನೆ.