ಗ್ರಾಮಿನ ವರ್ಗಮೂಲ

ನಮ್ಮ ಅತ್ತಿಗೆ ಬಟ್ಟೆ ಹೊಲಿಯುವವಳು. ಅಳತೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಎದುರು ಬರುವವರ ಭುಜದಗಲ ದೂರದಿಂದಲೇ ಹೇಳುತ್ತಿದ್ದಳು. ಮದುವೆಯಿಂದ ನಿಂತುಹೋದ ಓದು ಮುಗಿಸಬೇಕೆಂದು ಸಂಜೆ ಕಾಲೇಜು ಸೇರಿದಳು. ಒಬ್ಬಳೇ ಹೋಗಲು ಸಂಕೋಚವಾಗಿ ನನ್ನನ್ನೂ ಎಳೆದುಕೊಂಡು ಹೋದಳು.

"ಇಬ್ಬರೂ ಹೋಗಿ ಆ ಕಾಲೇಜಿನವರ ತಲೆ ತಿನ್ನಿ, ನನ್ನದಾದರೂ ಉಳೀಲಿ," ಅಂದ ಅಣ್ಣ.

ಭೌತಶಾಸ್ತ್ರದ ಮೇಡಂ ಆಯಾಮಗಳ ಪಾಠ, ಅಂದರೆ ಯಾವುದೇ ಅಳತೆಯನ್ನು ಉದ್ದ, ಕಾಲ, ದ್ರವ್ಯರಾಶಿಯಂಥ ಮೂಲ ಅಳತೆಗಳಾಗಿ ಬಿಡಿಸುವುದನ್ನು ಶುರುಮಾಡಿದಾಗ ಅತ್ತಿಗೆ ಅರಳಿ ಕೂತಿದ್ದಳು. ವಿದ್ಯುದಾವೇಶ ಎಂದರೆ ಪ್ರವಾಹ ಗುಣಿಸು ಕಾಲ. "ನಲ್ಲಿ ಎಷ್ಟು ಜೋರು, ಎಷ್ಟು ಹೊತ್ತು ಬಿಟ್ವಿ ಅಂತ ಗೊತ್ತಾದ್ರೆ ಬಕೆಟ್ಟಿನ ನೀರು ಗೊತ್ತಾದ ಹಾಗೆ," ಎಂದು ನನ್ನ ಕಿವಿಯಲ್ಲಿ ಉಸುರಿದಳು.

ಅಷ್ಟರಲ್ಲಿ ಮೇಡಂ, "ಗ್ರಾಮು, ಸೆಂಟಿಮೀಟರಿನ ಹಳೆಯ ಪದ್ಧತಿಯೊಂದರಲ್ಲಿ ಇದೇ ಆವೇಶಕ್ಕೆ ಬೇರೆ ಆಯಾಮ," ಎಂದು ಬರೆದರು: ದ್ರವ್ಯರಾಶಿಯ ಘಾತ ಅರ್ಧ (ಅಂದರೆ ವರ್ಗಮೂಲ), ಉದ್ದದ್ದು ಒಂದೂವರೆ, ಕಾಲದ್ದು ಮೈನಸ್ ಒಂದು.

ಅತ್ತಿಗೆ ಎದ್ದು ನಿಂತಳು.

"ಚದರ ಬಟ್ಟೆಗೆ ವರ್ಗಮೂಲ ಅಂದ್ರೆ ಅದರ ಅಂಚು, ಅದು ಕಣ್ಣಿಗೆ ಕಾಣುತ್ತೆ. ಗ್ರಾಮಿಗೆ ವರ್ಗಮೂಲ ಅಂದ್ರೇನು ಮೇಡಂ?"

"ಅದಕ್ಕೆ ಚಿತ್ರ ಇಲ್ಲಮ್ಮ," ಅಂದರು ಮೇಡಂ. "ಎರಡು ಆವೇಶಗಳ ಗುಣಲಬ್ಧವನ್ನು ದೂರದ ವರ್ಗದಿಂದ ಭಾಗಿಸಿದರೆ ಅವುಗಳ ನಡುವಿನ ಬಲ ಅಂತ ಹಳೆಯ ಪದ್ಧತಿಯವರು ಇಟ್ಟುಕೊಂಡರು. ಸೂತ್ರದ ಸ್ಥಿರಾಂಕವನ್ನು ಬರೀ ಒಂದು ಅಂದುಬಿಟ್ಟರು. ಹಾಗಾಗಿ ಒಂದು ಆವೇಶ ಬೇಕೆಂದರೆ ವರ್ಗಮೂಲ ತೆಗೆಯಬೇಕಾಯಿತು. ನಾವು ಆ ಸ್ಥಿರಾಂಕಕ್ಕೂ ಆಯಾಮ ಕೊಟ್ಟಿದ್ದೀವಿ."

"ಹಾಗಾದ್ರೆ ಆಯಾಮ ಆವೇಶದ ಒಳಗಿಲ್ವಾ? ನಾವು ಹಚ್ಚಿದ್ದಾ?"

"ಬಹುಮಟ್ಟಿಗೆ ನಾವು ಆರಿಸಿಕೊಂಡಿದ್ದೇ."

ಅತ್ತಿಗೆ ಕೂತು ಪುಸ್ತಕ ಮುಚ್ಚಿದಳು. ಮರುದಿನ ಗಿರಾಕಿಯೊಬ್ಬರ ಕೋಟಿನ ತೋಳನ್ನು ಗೇಣುದ್ದ ಗಿಡ್ಡ ಕತ್ತರಿಸಿಟ್ಟಳು. ಅವಳ ಕತ್ತರಿ ತಪ್ಪಿದ್ದನ್ನು ನಾನು ಕಂಡಿದ್ದೇ ಇಲ್ಲ.

"ಕರೆಂಟು ಹೊಡೆದವಳ ಹಾಗೆ ಯಾಕೆ ಕೂತಿದ್ದೀ?" ಅಂದ ಅಣ್ಣ.

"ಅಳತೆ ಅನ್ನೋದು ವಸ್ತುವಿನಲ್ಲೇ ಇರುತ್ತೆ, ನಾನು ಬರೀ ಓದ್ತೀನಿ ಅಂದ್ಕೊಂಡಿದ್ದೆ ರೀ," ಅಂದಳು. ಅಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಕೋಟಿನ ಗಿರಾಕಿಗೆ ತಾನೇ ಹೋಗಿ ಸಮಾಧಾನ ಹೇಳಿ ಬಂದ.

ಪರೀಕ್ಷೆಯಲ್ಲಿ ಆವೇಶದ ಆಯಾಮ ಏನೆಂಬ ಪ್ರಶ್ನೆಯೇ ಬಂತು. ನಾನು ಪ್ರವಾಹ, ಕಾಲ ಎಂದು ಗೀಚಿ ಮುಂದೆ ಹೋದೆ. ಅತ್ತಿಗೆ ಎರಡೂ ಪದ್ಧತಿ ಹೇಳಿ, ಎರಡನ್ನೂ ಸಾಧಿಸಿ, ಪುಟ ತುಂಬಿಸಿ, ಕೊನೆಯ ಲೆಕ್ಕಕ್ಕೆ ಹೊತ್ತು ಸಾಲದೆ ಎದ್ದುಬಂದಳು. ಅಂತೂ ಪಾಸಾದಳು.

ಮುಂದಿನ ವರ್ಷ ವಿಷಯ ಆರಿಸುವಾಗ ಅವಳು ಭೌತಶಾಸ್ತ್ರವನ್ನೇ ಹಿಡಿದಳು. ನಾನು ಕೈಮುಗಿದು ಇತಿಹಾಸದ ತರಗತಿಗೆ ಹೋದೆ.