ಅವ್ವನ ಶಾಖದ ಲೆಕ್ಕ

ಹಾಸನದ ನಮ್ಮ ಬೀದಿಯ ಇಸ್ತ್ರಿ ಗಾಡಿಯಿಂದ ಇದ್ದಿಲ ವಾಸನೆ ಬಂದರೆ ನನಗೆ ನಮ್ಮೂರು ಹಳ್ಳಿಮೈಸೂರಿನ ಅಡುಗೆಮನೆ ನೆನಪಾಗುತ್ತದೆ.

ಮದುವೆಗೆ ಮುಂಚೆ ಪಿಯುಸಿ ಕೆಮಿಸ್ಟ್ರಿಯಲ್ಲಿ ಫೇಲಾಗಿದ್ದ ಅವ್ವ, ನಾನು ಸ್ಕೂಲಿಗೆ ಸೇರಿದ ಮೇಲೆ ಮತ್ತೆ ಪರೀಕ್ಷೆ ಕಟ್ಟಿದ್ದಳು. ಅವಳನ್ನು ಕಾಡಿದ್ದು ಇದ್ದಿಲಿನ ಲೆಕ್ಕ. ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಶಾಖವನ್ನು ನೇರವಾಗಿ ಅಳೆಯಲಾಗದು. ಗೊತ್ತಿರುವ ಎರಡು ಸಮೀಕರಣಗಳಲ್ಲಿ ಒಂದನ್ನು ತಿರುವಿ, ಇನ್ನೊಂದಕ್ಕೆ ಕೂಡಿಸಿ ಲೆಕ್ಕ ಹಾಕಬೇಕು. ಹಾಗೆ ತಿರುವಿದಾಗ ಅದರ ಶಾಖದ ಮುಂದಿನ ಮೈನಸ್ ಪ್ಲಸ್ ಆಗಬೇಕು. ಅವ್ವ ಅದನ್ನೇ ಮರೆಯುತ್ತಿದ್ದಳು. ಒಂದು ಸಂಜೆ ಒಲೆ ಮುಂದೆ ಮುದ್ದೆ ತಿರುವುತ್ತಾ ಅತ್ತೇಬಿಟ್ಟಳು.

ಅವಳ ಅತ್ತೆ, ಅಂದರೆ ನನ್ನಜ್ಜಿ, ಮುದ್ದೆ ಕೋಲು ಕಿತ್ತುಕೊಂಡರು. "ಮುದ್ದೆ ನಾನು ತಿರುವ್ತೀನಿ. ನೀ ಓಗಿ ಆ ಲೆಕ್ಕ ತಿರುವ್ಕೊ ಕಣವ್ವ."

ಪಾಸಾದ ದಿನ ಅಜ್ಜಿ ಮೊದಲ ಮುದ್ದೆಯನ್ನು ತಾತನಿಗಿಂತ ಮುಂಚೆ ಅವ್ವನ ತಟ್ಟೆಗೆ ಹಾಕಿದರು.

ಈಗ ಅಜ್ಜಿಯ ಕೈ ನಡುಗುತ್ತದೆ. ಅವ್ವನೇ ಮುದ್ದೆ ಮುರಿದು, ಸಾರಿಗದ್ದಿ, ಅವರ ಬಾಯಿಗಿಡುತ್ತಾಳೆ.