ಬೀಗ ಹಾಕಿದ ಬಾಗಿಲು

ಹೊಳೆ ಇಳಿದ ಮೇಲೆ ಉಳಿಯುವ ಗೋಡುಮಣ್ಣಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ನಂಜನಗೂಡಿನ ನಮ್ಮ ಹಳೆಯ ಮನೆ ನೆನಪಾಗುತ್ತದೆ, ಅದರ ಹಿಂದೆಯೇ ಚಿಕ್ಕಜ್ಜಿಯ ಹಸಿರು ಬಳೆಗಳ ಸದ್ದು. ಕಪಿಲಾ ಹೊಳೆಗೆ ಬೆನ್ನು ಮಾಡಿ ನಿಂತಿದ್ದ ಮಣ್ಣುಗೋಡೆಯ ಮನೆ ಅದು. ಚಿಕ್ಕಜ್ಜಿ ನನ್ನ ತಾತನ ತಮ್ಮನ ಹೆಂಡತಿ. ಮದುವೆಯಾದ ಹೊಸದರಲ್ಲೇ ಗಂಡ, ನಮ್ಮ ಚಿಕ್ಕತಾತ, ಎರಡನೇ ಮಹಾಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಲು ಬರ್ಮಾಕ್ಕೆ ಹೊರಟು, "ಈ ಬಾಗ್ಲಲ್ಲೇ ಇರು, ಬತ್ತೀನಿ" ಅಂದಿದ್ದರಂತೆ. ಅವರೂ ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ಸುದ್ದಿಯೇ ಬಾರದೆ ಬಳೆ ತೆಗೆಯುವುದು ಹೇಗೆ? ಪ್ರತಿ ಗೌರಿ ಹಬ್ಬಕ್ಕೂ ಬಳೆಗಾರನ ಮುಂದೆ ಕೈ ಚಾಚಿ ಕೂರುತ್ತಿದ್ದಳು. ಮನೆಗೆ ಬೀಗ ಹಾಕಲು ಮಾತ್ರ ಬಿಡುತ್ತಿರಲಿಲ್ಲ. ನಾವೆಲ್ಲ ಮದುವೆಗೆ ಹೊರಟರೂ ಅವಳು ಹೊಸಿಲಲ್ಲೇ. "ನಮ್ಮನೆ ಬೀಗ" ಎಂದು ಅವಳನ್ನೇ ರೇಗಿಸುತ್ತಿದ್ದೆವು.

ತೊಂಬತ್ತರ ದಶಕದ ಒಂದು ಭಾನುವಾರ ಟಿವಿಯಲ್ಲಿ ಯುದ್ಧಕಾಲದ ಪ್ರೇಮಕಥೆಯ ಒಂದು ಹಿಂದಿ ಸಿನಿಮಾ ಬಂತು. ಬರ್ಮಾದ ರಂಗೂನಿನ ಮೇಲೆ ಬಾಂಬು ಬೀಳುತ್ತದೆ, ಜನ ಗಂಟುಮೂಟೆ ಹೊತ್ತು ಊರು ಬಿಡುತ್ತಾರೆ. ಹುಡುಗಿಯೂ ಮನೆಗೆ ಬೀಗ ಹಾಕಿ ಹಡಗು ಹತ್ತುತ್ತಾಳೆ. ಮರುದಿನ ಅವಳ ಸಿಪಾಯಿ ಬರುತ್ತಾನೆ. ಬೀಗವನ್ನು ಮುಟ್ಟಿ ನೋಡಿ, ತಿರುಗಿ ಹೋಗುತ್ತಾನೆ. ಹಿಂದಿ ನಮಗ್ಯಾರಿಗೂ ಬರುತ್ತಿರಲಿಲ್ಲ, ಚಿಕ್ಕಜ್ಜಿಗೆ ಅದು ಬೇಕಾಗಲೂ ಇಲ್ಲ. "ಒಂದಿನ ತಡೀಬಾರ್ದಾಗಿತ್ತಾ ಆ ಮುಂಡೇದು?" ಅಂದಳು. ಆ ದಿನ ಅವಳು ಊಟ ಮಾಡಲಿಲ್ಲ. ಅಮ್ಮ ಟಿವಿಗೆ ಬಟ್ಟೆ ಹೊದಿಸಿದಳು.

ಅದೇ ಮಳೆಗಾಲ ಕಬಿನಿ ಅಣೆಕಟ್ಟೆಯಿಂದ ಹೊಳೆಗೆ ನೀರು ಬಿಟ್ಟರು. ಬೆಳಿಗ್ಗೆ ತೊಳೆದ ಮೆಟ್ಟಿಲು ಮಧ್ಯಾಹ್ನಕ್ಕೆ ಕಾಣಿಸಲಿಲ್ಲ. ಬಚ್ಚಲ ತೂಬಿನಿಂದ ಕೆಂಪು ನೀರು ಒಳಕ್ಕೆ ಉಕ್ಕತೊಡಗಿತು, ಗೋಡೆ ಬೆವರಿತು. ಮನೆ ಖಾಲಿ ಮಾಡಿ ಎಂದು ಜೀಪಿನಲ್ಲಿ ಮೈಕು ಕೂಗುತ್ತಿತ್ತು. ಚಿಕ್ಕಜ್ಜಿ ಬಾಗಿಲ ಚೌಕಟ್ಟನ್ನು ತಬ್ಬಿಕೊಂಡಳು. "ನಾ ಬರಾಕಿಲ್ಲ. ಬೀಗ ನೋಡಿ ಅವ್ರು ವಾಪ್ಸು ಓದ್ರೆ?"

"ಬೀಗ ಆಕಲ್ಲ ಕಣವ್ವ, ಬರೀ ಚಿಲ್ಕ ಆಕ್ತೀನಿ, ನಡಿ," ಅಂದ ಅಪ್ಪ.

ಅವಳು ನಂಬಿ ಹೊರಟಳು. ಅಪ್ಪ ಕೊನೆಯಲ್ಲಿ ಬಂದ. ದಿಣ್ಣೆಯ ಮೇಲಿನ ಶಾಲೆಯಲ್ಲಿ ಚಿತ್ರಾನ್ನ ತಿನ್ನಲು ಚಕ್ಕಲಮಕ್ಕಲ ಹಾಕಿ ಕೂತಾಗ ಅವನ ಜೇಬಿನಿಂದ ಬೀಗದಕೈ ಜಾರಿ ಬಿತ್ತು. ತಾಂಡ್ಯದ ಫ್ಯಾಕ್ಟರಿಯಲ್ಲಿ ದುಡಿದು ಕೊಂಡ ಟಿವಿ ಒಳಗಿತ್ತು, ಕಳ್ಳರ ಭಯ ಅವನಿಗೆ. ಚಿಕ್ಕಜ್ಜಿ ಅದನ್ನು ನೋಡಿದಳು. ಎಲೆಯನ್ನು ಪಕ್ಕಕ್ಕೆ ಸರಿಸಿ ಹೊಳೆಯ ಕಡೆಗೇ ನೋಡುತ್ತ ಕುಳಿತಳು.

ನೀರು ಇಳಿದ ಮೇಲೆ ಹೋದೆವು. ಗೋಡೆಗಳು ಕರಗಿಹೋಗಿದ್ದವು. ಗೋಡುಮಣ್ಣಿನ ನಡುವೆ ತೇಗದ ಚೌಕಟ್ಟು ಮಾತ್ರ ನಿಂತಿತ್ತು, ಅದರಲ್ಲಿ ಬಾಗಿಲು, ಬಾಗಿಲಿಗೆ ಬೀಗ. ಪಕ್ಕದಿಂದ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಅವಳು ಹೋಗಲಿಲ್ಲ. ಅಪ್ಪನ ಕೈಯಿಂದ ಬೀಗದಕೈ ಇಸಿದುಕೊಂಡು ತಾನೇ ಬೀಗ ತೆಗೆದು, ಹೊಸಿಲು ದಾಟಿ, ಬಯಲಲ್ಲಿ ನಿಂತಳು. "ಬಂದು, ಬೀಗ ನೋಡ್ಕಂಡು ಓಗಿರ್ತಾರೆ ಕಣಪ್ಪ," ಅಂದಳು.

ಆ ಗೌರಿ ಹಬ್ಬಕ್ಕೆ ಬಳೆಗಾರ ಬಂದಾಗ ಚಿಕ್ಕಜ್ಜಿ ಕೈ ಚಾಚಲಿಲ್ಲ. ಮೇಲಿನ ಬೀದಿಯಲ್ಲಿ ಕಟ್ಟಿಸಿದ ಹೊಸ ಮನೆಗೆ ಅಪ್ಪ ತಾನು ಬದುಕಿದ್ದಷ್ಟು ದಿನ ಬೀಗ ಹಾಕಲಿಲ್ಲ. ಆದರೆ ಆ ಮನೆ ಚಿಕ್ಕತಾತನಿಗೆ ಗೊತ್ತಿರಲಿಲ್ಲ.